ಥಾಂಗ್ ಎಂದರೆ ಬಿಸಿ ಎಂದುಕೊಂಡಿದ್ದೆ

ನನ್ನ ಕಿವಿಯ ಬಗ್ಗೆ ನನಗೆ ಭಾರೀ ಜಂಬವಿತ್ತು. ಇತ್ತು ಎಂದೇ ಬರೆಯಬೇಕು, ಈಗಿಲ್ಲ. ಅಲ್ ಗುಬ್ರಾದ ನಮ್ಮ ಫ್ಲಾಟಿನ ಹಾಲಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾನು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಅಮೇರಾತ್, ಮವಾಲೇಹ್ ಕಡೆಯಿಂದೆಲ್ಲ ಅಪ್ಪಂದಿರು ಕಾರಿನಲ್ಲಿ ತಂದು ಇಳಿಸಿ ಹೋಗುತ್ತಾರೆ. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಅವುಗಳ ಬಾಯಲ್ಲಿ ಳಕಾರ ಹೊರಳುವುದೇ ಇಲ್ಲ. "ರಜೆಯಲ್ಲಿ ನಾವು ಅಜ್ಜಿಯ ಹಲ್ಲಿಗೆ ಹೋದೆವು" ಎಂದು ಗಟ್ಟಿಯಾಗಿ ಓದುತ್ತವೆ. ಹಳ್ಳಿಗೆ ಅಲ್ಲ, ಹಲ್ಲಿಗೆ! ನನಗೆ ಪಿತ್ತ ನೆತ್ತಿಗೇರುತ್ತದೆ. "ಹೌದಾ? ಎಲ್ಲರೂ ಅಜ್ಜಿಯ ಬಾಯೊಳಗೆ ಹೋಗಿ ಕೂತ್ಕೊಂಡ್ರಾ?" ಎಂದು ಟೇಬಲ್ ಕುಟ್ಟುತ್ತೇನೆ. ಹೆಸರುಕಾಳು ಅವಕ್ಕೆ ಹೆಸರುಕಾಲು. "ನಿಮ್ಮ ಕಿವಿಯಲ್ಲಿ ಹತ್ತಿ ಉಂಟಾ? ನಾನು ಹೇಳಿದ್ದು ಕೇಳುವುದಿಲ್ವಾ?" ಎಂದು ಬೈಯುವುದು ನನಗೆ ವಾರವಾರದ ರೂಢಿ.

ಅಂಥ ನನ್ನನ್ನು, ಇನ್ನೂ ನೆಟ್ಟಗೆ ಮಾತೇ ಬಾರದ ಒಂದು ಚೀನೀ ಕೂಸು ಕಿವುಡಿ ಎಂದು ತೋರಿಸಿಕೊಟ್ಟಿತು. ಅದೂ ನನ್ನ ಮನೆಯಲ್ಲಿ, ನನ್ನ ಗಂಡನ ಎದುರಿಗೆ.

ಆ ಕೂಸಿನ ಅಪ್ಪ ಅಮ್ಮ ನಮ್ಮ ಎದುರು ಫ್ಲಾಟಿನವರು. ಅಪ್ಪನಿಗೆ ದುಕ್ಮ್ ಬಂದರಿನ ಕಡೆ ಕೆಲಸ; ಮರುಭೂಮಿ ದಾಟಿಕೊಂಡು ಅರ್ಧ ದಿನ ಕಾರು ಓಡಿಸಿದರೆ ಸಿಗುವ ಊರು ಅದು, ಅವನು ಮನೆಗೆ ಬರುವುದೇ ಅಪರೂಪ. ಅಮ್ಮ ಮವಾಲೇಹ್‌ನಲ್ಲಿ ಟೈಲ್ಸ್ ಮಾರುವ ಶೋರೂಮಿನ ಆಫೀಸಿಗೆ ಹೋಗುತ್ತಾಳೆ. ಹೆರಿಗೆ ರಜೆ ಮುಗಿದಾಗ ಮಗುವನ್ನು ನರ್ಸರಿಗೆ ಹಾಕಿದಳು. ಅದಕ್ಕೆ ವಾರಕ್ಕೊಂದು ಜ್ವರ. ಒಂದು ಬೆಳಿಗ್ಗೆ ಲಿಫ್ಟಿನ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತು ಅಳುತ್ತಿದ್ದಳು. ನೋಡಿ ಸುಮ್ಮನಿರಲಾಗಲಿಲ್ಲ. ಕೈ ಚಾಚಿ ಮಗುವನ್ನು ತೆಗೆದುಕೊಂಡು, "ಯಲ್ಲಾ, ನೀನು ಹೋಗು" ಎಂದೆ. ನಮ್ಮ ಮಗ ಓದಲು ಮಂಗಳೂರಿಗೆ ಹೋದಮೇಲೆ ನಮ್ಮ ಮನೆಯೂ ಬಿಕೋ ಎನ್ನುತ್ತಿತ್ತು. ನನ್ನ ಗಂಡ ಮಾತ್ರ, "ಎಂತ ಮಾರಾಯ್ತಿ ಇದು, ಯಾರದ್ದೋ ಮಗು, ನಾಳೆ ಹೆಚ್ಚುಕಡಿಮೆ ಆದ್ರೆ?" ಎಂದು ಗೊಣಗಿದರು. ಗೊಣಗಿದವರೇ ವಾರದೊಳಗೆ ಅದಕ್ಕೆ ಗಿಲಕಿ ತಂದರು.

ನಾವು ತುಳು ಮಾತಾಡುವವರು. ಆದರೂ ಆ ಮಗುವಿನ ಹತ್ತಿರ ನನಗೆ ಕನ್ನಡವೇ ಬಾಯಿಗೆ ಬಂತು, ಮಕ್ಕಳು ಎಂದರೆ ಕನ್ನಡ ಎಂದು ಅಭ್ಯಾಸವಾಗಿಬಿಟ್ಟಿದೆ. ಪುಟ್ಟಿ ಎಂದು ಕರೆಯುತ್ತಿದ್ದೆ. ಅವಳಮ್ಮನಿಗೂ ನನಗೂ ನಡುವೆ ಅರ್ಧ ಇಂಗ್ಲಿಷ್, ಚೂರು ಅರಬ್ಬಿ, ಉಳಿದದ್ದಕ್ಕೆ ಕೈಸನ್ನೆ. ಅವಳ ಮಾತನ್ನು ಇಲ್ಲಿ ನನಗೆ ಅರ್ಥವಾದ ಹಾಗೆ ಬರೆಯುತ್ತಿದ್ದೇನೆ.

ಮಗುವಿನ ಅಜ್ಜಿ, ಅಂದರೆ ಅವಳಮ್ಮನ ಅಮ್ಮ, ಚೀನಾದಲ್ಲಿದ್ದಾಳೆ. ದಿನಾ ವಿಡಿಯೋ ಕಾಲ್ ಮಾಡಿ ಮಗುವಿಗೆ ಏನೇನೋ ಹೇಳುತ್ತಿದ್ದಳು. ಮಗು ಫೋನಿನ ಅಂಚನ್ನು ಚೀಪುತ್ತಿತ್ತು. "ಇದಕ್ಕೆ ನಮ್ಮ ಮಾತು ತಿಳಿಯುವುದೇ ಇಲ್ಲ. ಇಂಡಿಯಾದ ಹೆಂಗಸಿನ ಹತ್ತಿರ ಬೆಳೆದು ಅಲ್ಲಿಯೂ ಸಲ್ಲದು, ಇಲ್ಲಿಯೂ ಸಲ್ಲದು. ನನ್ನ ಹತ್ತಿರ ಕಳಿಸು" ಎಂದು ಆ ಮುದುಕಿಯ ಒಂದೇ ರಾಗ. ಮಗುವಿನ ಅಪ್ಪನಿಗೂ ಅದೇ ಸರಿ ಎನಿಸಿತ್ತು. ಮುಂದಿನ ರಜೆಯಲ್ಲಿ ತಾನೇ ಕರೆದುಕೊಂಡು ಹೋಗಿ ಬಿಟ್ಟುಬರುತ್ತೇನೆ ಎಂದಿದ್ದ. ಅವರ ಕಡೆ ದೂರದ ಊರಲ್ಲಿ ದುಡಿಯುವವರು ಮಕ್ಕಳನ್ನು ಹಾಗೆ ಬಿಡುವುದು ಉಂಟಂತೆ.

"ನನ್ನನ್ನೂ ಹಾಗೇ ಬಿಟ್ಟಿದ್ರು ಆಂಟಿ" ಎಂದಳು ಮಗುವಿನ ಅಮ್ಮ. "ವರ್ಷಕ್ಕೊಮ್ಮೆ ಅಮ್ಮ ಬಂದಾಗ ನಾನು ಅವಳನ್ನ ಆಂಟಿ ಅಂತ ಕರೀತಿದ್ದೆ. ಅವಳು ಬಾತ್‌ರೂಮಿಗೆ ಹೋಗಿ ಅಳ್ತಿದ್ದಳು. ನನಗೆ ನಗು ಬರ್ತಿತ್ತು."

ಅಯ್ಯೋ ದೇವರೇ ಎನ್ನಿಸಿತು. ಅವಳ ಹೊಟ್ಟೆಯ ಸಂಕಟ ನನಗೆ ಅಂದೇ ಅರ್ಥವಾಯಿತು. ನನ್ನ ಸ್ವಾರ್ಥವೂ ಇತ್ತು, ಸುಳ್ಳು ಹೇಳುವುದಿಲ್ಲ. ಪುಟ್ಟಿ ಇಲ್ಲದ ಮನೆಯನ್ನು ನೆನೆದರೆ ನನಗೂ ಕೈಕಾಲು ಆಡುತ್ತಿರಲಿಲ್ಲ.

ತಮ್ಮ ಮಾತಿನ ತೊಡಕನ್ನು ಅವಳು ಒಮ್ಮೆ ನನಗೆ ವಿವರಿಸಲು ಹೊರಟಿದ್ದಳು. ಒಂದೇ ಶಬ್ದವನ್ನು ನೆಟ್ಟಗೆ ಹೇಳಿದರೆ ಒಂದು ಅರ್ಥ, ಮೇಲಕ್ಕೆ ಎಳೆದರೆ ಇನ್ನೊಂದು, ಕೆಳಕ್ಕೆ ಬಿಟ್ಟರೆ ಮತ್ತೊಂದು. ಅಮ್ಮನನ್ನು ಕರೆಯುವ ಶಬ್ದವನ್ನೇ ತಗ್ಗಿಸಿ ಬಾಗಿಸಿದರೆ ಕುದುರೆ. ನಾನು ಬಿದ್ದು ಬಿದ್ದು ನಕ್ಕೆ. "ಪಾಪ, ನಿಮ್ಮ ಮಕ್ಕಳು ಅಮ್ಮನನ್ನ ಕರೀಲಿಕ್ಕೆ ಹೋಗಿ ಕುದುರೆಯನ್ನ ಕರೀತಾವಾ?" ಎಂದೆ. ಅವಳು ನಗಲಿಲ್ಲ. "ಇಲ್ಲ ಆಂಟಿ. ಮಾತು ಬರೋದಕ್ಕೂ ಮೊದಲೇ ಅವಕ್ಕೆ ಗೊತ್ತಿರುತ್ತೆ. ಗೊತ್ತಿರಬೇಕು" ಎಂದಳು. ಮಗುವಿನ ಹತ್ತಿರ ಅವಳು ಮಾತಾಡುತ್ತಿದ್ದುದೂ ಒಂದು ನಮೂನೆಯೇ. ಒಂದೊಂದು ಶಬ್ದವನ್ನೂ ಹಾಡಿನ ಹಾಗೆ ಎಳೆದು, ಏರಿಸಿ, ಇಳಿಸಿ. ಮಗು ಅವಳ ಬಾಯನ್ನೇ ನೋಡುತ್ತಿತ್ತು. ಎಲ್ಲ ತಾಯಂದಿರೂ ಮುದ್ದಿಗೆ ಹಾಗೇ ಎಳೆಯುತ್ತಾರೆ ಎಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆದರೂ ಮಗುವನ್ನು ಕಳಿಸಬಾರದು ಎಂದರೆ ನಾನೂ ನಾಲ್ಕು ಚೀನೀ ಮಾತು ಕಲಿತು ಹೇಳಿಕೊಡಬೇಕು ಎಂದು ಹಠ ಹತ್ತಿತು. ಮೊದಲು ಕಲಿತದ್ದೇ ಥಾಂಗ್. ದಿನಾ ಬೆಳಿಗ್ಗೆ ಅವಳು ಮಗುವಿನ ಜೊತೆ ಒಂದು ಫ್ಲಾಸ್ಕ್ ಸೂಪು ಕೊಟ್ಟು "ಥಾಂಗ್" ಎನ್ನುತ್ತಿದ್ದಳು. ಅದರ ಮುಚ್ಚಳ ತೆಗೆದು ಹಬೆ ತೋರಿಸಿ, ಮಗುವಿನ ಕೈ ಹಿಂದಕ್ಕೆ ಎಳೆದು "ಥಾಂಗ್ ಥಾಂಗ್" ಎನ್ನುತ್ತಿದ್ದಳು. ಬಿಸಿ ಎಂದರೆ ಥಾಂಗ್, ಅಷ್ಟೇ ತಾನೇ! ತಕಾರ ಅಲ್ಲ, ಥಕಾರ; ಮಹಾಪ್ರಾಣವನ್ನು ಸರಿಯಾಗಿ ಹಿಡಿದೆ ಎಂದು ನನಗೆ ಹೆಮ್ಮೆ. ಗಂಡನಿಗೂ ಹೇಳಿಸಿದೆ. ಅವರು "ತಾಂಗ್" ಎಂದಾಗ, "ಥ! ಥ! ಉಸಿರು ಬರಲಿ" ಎಂದು ತಿದ್ದಿದೆ.

ಮಗುವಿನ ಒಂದು ವರ್ತನೆ ಮಾತ್ರ ನನಗೆ ಬಗೆಹರಿಯುತ್ತಿರಲಿಲ್ಲ. ನಡೆಯಲು ಕಲಿತ ಮೇಲೆ, ಆಟ ಆಡುತ್ತಿದ್ದವಳನ್ನು ಊಟಕ್ಕೆ "ಬಾ ಬಾ" ಎಂದು ಕರೆದರೆ ನನ್ನ ಹತ್ತಿರ ಬರುತ್ತಿರಲಿಲ್ಲ. ತಟ್ಟನೆ ತಿರುಗಿ ಮುಂಬಾಗಿಲ ಕಡೆ ನೋಡುತ್ತಿದ್ದಳು. ನೋಡಿ, ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಮುಖ ಸಣ್ಣದು ಮಾಡಿಕೊಂಡು ನನ್ನ ಕಡೆ ತಿರುಗುತ್ತಿದ್ದಳು. "ಎಂತದು ನಿನ್ನದು ಧಿಮಾಕು? ಬಾ ಅಂದ್ರೆ ಬಾಗಿಲು ನೋಡ್ತೀಯಲ್ಲ!" ಎಂದು ಗದರಿಸಿ ನಾನೇ ಹೋಗಿ ಎತ್ತಿಕೊಳ್ಳುತ್ತಿದ್ದೆ.

ಆ ಘಟನೆ ನಡೆದದ್ದು ಸುಡು ಬೇಸಿಗೆಯ ಒಂದು ಮಧ್ಯಾಹ್ನ. ನನ್ನ ಗಂಡ ಊಟಕ್ಕೆ ಬಂದು, ಒಂದು ನಿದ್ದೆ ತೆಗೆದು, ಮತ್ತೆ ಆಫೀಸಿಗೆ ಹೊರಡುವ ಮೊದಲು ಟೀ ಕುಡಿಯುವ ಸಮಯ. ಸ್ಟೀಲ್ ಲೋಟದಲ್ಲಿ ಟೀ ತಂದು ಟೀಪಾಯಿಯ ಮೇಲಿಟ್ಟು, ಬಿಸ್ಕೆಟ್ ತರಲು ಒಳಗೆ ತಿರುಗಿದೆ. ತಿರುಗಿ ನೋಡುತ್ತೇನೆ, ಪುಟ್ಟಿ ಟೀಪಾಯಿಯ ಹತ್ತಿರ ನಿಂತು ಲೋಟದ ಕಡೆ ಒಂದು ಕೈ ಎತ್ತಿದ್ದಾಳೆ. ಮುಟ್ಟಿಲ್ಲ, ಮುಟ್ಟಲೋ ಬೇಡವೋ ಎಂಬಂತೆ ನನ್ನ ಮುಖ ನೋಡುತ್ತಿದ್ದಾಳೆ. ನಾನು ಇದ್ದ ದನಿಯನ್ನೆಲ್ಲ ಎತ್ತಿ ಕಿರುಚಿದೆ, "ಥಾಂಗ್! ಥಾಂಗ್!"

ಅವಳ ಮುಖ ಅರಳಿತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಮುಖವೇ ಕಾಣುತ್ತದೆ. ಹೆದರಬೇಕಾದ ಕೂಸು ನಕ್ಕಿತು. ನಕ್ಕು, ಎರಡೂ ಕೈ ಚಾಚಿ ಲೋಟವನ್ನು ಬಾಚಿಕೊಂಡಿತು.

ಲೋಟ ಉರುಳಿತು. ಟೀ ಹೆಚ್ಚಿನಂಶ ಕಾರ್ಪೆಟ್ಟಿನ ಮೇಲೆ ಹೋಯಿತು, ಸ್ವಲ್ಪ ಅವಳ ಬಲಗೈಯ ಮೇಲೆ. ಆ ಕಿರುಚಾಟಕ್ಕೆ ನನ್ನ ಜೀವ ಬಾಯಿಗೆ ಬಂತು. ಎತ್ತಿಕೊಂಡು ಸಿಂಕಿಗೆ ಓಡಿ ನಲ್ಲಿ ತಿರುಗಿಸಿ ಕೈ ಒಡ್ಡಿಸಬೇಕು, ಅಷ್ಟರಲ್ಲಿ ನನ್ನ ಬೆರಳೇ ಚುರುಕ್ ಎಂದಿತು. ಬೇಸಿಗೆಯಲ್ಲಿ ಇಲ್ಲಿಯ ತಣ್ಣೀರಿನ ನಲ್ಲಿಯಲ್ಲಿ ಬರುವುದೂ ಸುಡುನೀರೇ, ತಾರಸಿಯ ಟ್ಯಾಂಕಿನಲ್ಲಿ ಕಾದದ್ದು. ಇಷ್ಟು ವರ್ಷ ಇಲ್ಲಿದ್ದವಳಿಗೆ ಆ ಗಳಿಗೆಯಲ್ಲಿ ಅದೂ ಮರೆತುಹೋಯಿತು! "ದಾದ ಆಂಡ್? ದಾದ ಆಂಡ್?" ಎಂದು ಗಾಬರಿಯಲ್ಲಿ ತುಳುವಿನಲ್ಲೇ, ಏನಾಯಿತೆಂದು ಕೇಳುತ್ತ ಓಡಿಬಂದ ಗಂಡ, ಫ್ರಿಜ್ಜಿನ ನೀರಿನ ಬಾಟಲಿ ತಂದು ಆ ಪುಟ್ಟ ಕೈಮೇಲೆ ಸುರಿದರು. ಕೆಳಗಿನ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆವು. ಡಾಕ್ಟರು ಮುಲಾಮು ಹಚ್ಚಿ ಬ್ಯಾಂಡೇಜು ಸುತ್ತಿ, ಮೇಲಿನ ಚರ್ಮ ಕೆಂಪಾಗಿದೆ ಅಷ್ಟೇ, ಕಲೆ ಉಳಿಯುವುದಿಲ್ಲ ಎಂದರು.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಹೇಳಿದ ಮೇಲೂ ಯಾಕೆ ಮುಟ್ಟಿದಳು? ಯಾಕೆ ನಕ್ಕಳು?

ಸಂಜೆ ಅವಳಮ್ಮ ಬಂದಳು. ಬ್ಯಾಂಡೇಜು ನೋಡಿ ಮಗುವನ್ನು ಎದೆಗೆ ಅವುಚಿಕೊಂಡಳು. ನಾನು ನಡೆದದ್ದನ್ನು ಹೇಳಿದೆ. ಬಯ್ಯುತ್ತಾಳೆ ಎಂದು ಕಾದಿದ್ದೆ, ಬಯ್ಯಲಿಲ್ಲ. ಅವಳ ಮುಖ ಬೇರೆಯದೇ ಕಾರಣಕ್ಕೆ ಬಿಳಿಚಿತು.

"ಬಿಸಿ ಅಂತ ನೀವು ನಮ್ಮ ಮಾತಲ್ಲೇ ಹೇಳಿದ್ರಾ? ಆದ್ರೂ ಮುಟ್ಟಿದಳಾ?"

"ಹೇಳಿದೆ ಮಾರಾಯ್ತಿ! ಕೂಗಿ ಕೂಗಿ ಹೇಳಿದೆ!"

"ಹಾಗಾದ್ರೆ ಅಮ್ಮ ಹೇಳಿದ್ದೇ ನಿಜ. ಇವಳಿಗೆ ಅದೊಂದು ಶಬ್ದವೂ ಗೊತ್ತಿಲ್ಲ." ಅವಳು ಸೋಫಾದ ಮೇಲೆ ಕುಸಿದಳು. "ಖಲಾಸ್ ಆಂಟಿ. ಇನ್ನು ಅವನು ಕೇಳೋದಿಲ್ಲ. ಕರ್ಕೊಂಡು ಹೋಗ್ತಾನೆ."

ನನಗೆ ಎಲ್ಲಿತ್ತೋ ಸಿಟ್ಟು. ಭಯವೇ ಸಿಟ್ಟಾಗಿತ್ತೋ ಏನೋ. "ಗೊತ್ತಿಲ್ಲದೆ ಎಂತ? ದಿನಾ ಹೇಳಿಕೊಟ್ಟಿದ್ದೇನೆ ನಾನು! ಹೀಗೇ ಹೇಳಿದ್ದು, ಥಾಂಗ್! ಥಾಂಗ್! ಅಂತ" ಎಂದು ಮಧ್ಯಾಹ್ನದ ಹಾಗೆಯೇ ದನಿ ಎತ್ತಿ ಕೂಗಿ ತೋರಿಸಿದೆ.

ಅಮ್ಮನ ಭುಜಕ್ಕೆ ಮುಖ ಒತ್ತಿ ಬಿಕ್ಕುತ್ತಿದ್ದ ಪುಟ್ಟಿ ತಟ್ಟನೆ ತಲೆ ಎತ್ತಿದಳು. ಬಿಕ್ಕು ನಿಂತಿತು. ಬ್ಯಾಂಡೇಜಿನ ಕೈಯನ್ನೇ ಚಾಚಿ ಅಮ್ಮನ ಹ್ಯಾಂಡ್‌ಬ್ಯಾಗಿನೊಳಗೆ ತೂರಿಸಿದಳು.

ಅವಳಮ್ಮ ಮಗುವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಆಂಟಿ, ಇನ್ನೊಂದು ಸಲ ಹೇಳಿ."

ಹೇಳಿದೆ. ಮಗು ಬ್ಯಾಗಿನೊಳಗೆ ಇನ್ನೂ ಆಳಕ್ಕೆ ತಡಕಾಡಿ, ಬಣ್ಣದ ಕಾಗದ ಸುತ್ತಿದ ಒಂದು ಚಾಕಲೇಟು ಹೊರಗೆ ಎಳೆಯಿತು. ಅವಳಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ನೀವು ಹೇಳಿದ್ದು ಮಿಠಾಯಿ" ಎಂದಳು. "ದನಿ ಮೇಲೆ ಹೋದ್ರೆ ಮಿಠಾಯಿ. ಮಿಠಾಯಿ, ಮಿಠಾಯಿ ಅಂತ ಕೂಗಿದ್ದೀರಿ."

ಅವಳು ಎದ್ದು ಅಡುಗೆಮನೆಯ ಕೆಟಲ್ ತೋರಿಸಿ "ಥಾಂಗ್" ಎಂದಳು. ಪುಟ್ಟಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು ಉಫ್ ಉಫ್ ಎಂದು ಊದಿದಳು. ಅವಳಮ್ಮ ಮತ್ತೊಮ್ಮೆ "ಥಾಂಗ್" ಎಂದಳು, ಯಾವುದನ್ನೂ ತೋರಿಸದೆ. ಮಗು ಮೇಜಿನ ಮೇಲಿನ ಸೂಪಿನ ಫ್ಲಾಸ್ಕಿನ ಕಡೆ ತಿರುಗಿತು. ದನಿ ಬಿದ್ದರೆ ಬಿಸಿ, ಎದ್ದರೆ ಮಿಠಾಯಿ, ನೆಟ್ಟಗಿದ್ದರೆ ಸೂಪು. ನನ್ನ ಕಿವಿಗೆ ಮೂರೂ ಒಂದೇ. ಕಿವಿ ಅಗಲ ಮಾಡಿಕೊಂಡು ಕೇಳಿದರೂ ಒಂದೇ! ಬೆಚ್ಚಿಬಿದ್ದು ಕುಳಿತೆ. ಯಾರಿಗಾದರೂ ಎಚ್ಚರಿಕೆ ಹೇಳುವಾಗ ನಾವು ದನಿ ಏರಿಸುತ್ತೇವೆ, ಇನ್ನೇನು ಮಾಡುತ್ತೇವೆ? ನನ್ನ ಗಾಬರಿಯೇ ಆ ಮಗುವಿಗೆ ಮಿಠಾಯಿಯಾಗಿ ಕೇಳಿತ್ತು. ಅದು ನನ್ನ ಮಾತನ್ನು ಮೀರಿರಲಿಲ್ಲ. ನಾನು ಹೇಳಿದ್ದನ್ನೇ ನಂಬಿ ಸುಟ್ಟುಕೊಂಡಿತ್ತು.

ಅವಳಮ್ಮ ಮಾತ್ರ ಅಳುತ್ತ ನಗುತ್ತಿದ್ದಳು. "ಗೊತ್ತುಂಟು ಇವಳಿಗೆ! ಎಲ್ಲಾ ಗೊತ್ತುಂಟು!" ಎಂಬಂತೆ ಮಗುವನ್ನು ಮೇಲೆತ್ತಿ ಕುಣಿಸಿದಳು. ನನ್ನ ಗಂಡ ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹತ್ತಿ ಯಾರ ಕಿವಿಯಲ್ಲಿ ಉಂಟು ಮಾರಾಯ್ತಿ?" ಎಂದರು. ಬೇರೆ ದಿನವಾಗಿದ್ದರೆ ಸೌಟು ಹಾರುತ್ತಿತ್ತು.

ಆಗಲೇ ನನಗೆ ಹೊಳೆದದ್ದು. "ಹಾಗಾದ್ರೆ ನಾನು ಬಾ ಬಾ ಅಂದಾಗ ಇವಳು ಬಾಗಿಲು ನೋಡುವುದು ಯಾಕೆ?"

"ನೀವು ದಿನಾ ಅಪ್ಪನ ನೆನಪು ಮಾಡಿಸ್ತೀರಿ ಅಂತ ನಾನು ಖುಷಿಪಟ್ಟಿದ್ದೆ" ಎಂದಳು ಅವಳು. "ನಿಮ್ಮಲ್ಲಿ ಅದಕ್ಕೆ ಬೇರೆ ಅರ್ಥ ಉಂಟಾ?"

ದೇವರೇ. ಅವರಲ್ಲಿ ಅದು ಅಪ್ಪ. ನಾನು ಗದರಿಸುವ ದನಿಯಲ್ಲಿ "ಬಾ ಬಾ" ಎಂದಾಗಲೆಲ್ಲ ಮಗುವಿಗೆ ಅಪ್ಪ ಬಂದ ಎಂದು ಕೇಳಿಸುತ್ತಿತ್ತು. ಪ್ರತಿ ಊಟದ ಹೊತ್ತಿಗೆ, ಪ್ರತಿ ಸ್ನಾನದ ಹೊತ್ತಿಗೆ ನಾನು ಅದಕ್ಕೆ ಬಾಗಿಲಲ್ಲಿ ಇಲ್ಲದ ಅಪ್ಪನನ್ನು ತೋರಿಸಿದ್ದೆ, ಆಮೇಲೆ ಧಿಮಾಕು ಎಂದು ಬೈದಿದ್ದೆ. ಟೀ ಬಿದ್ದದ್ದಕ್ಕಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಮಗುವಿನ ಎದುರು ಕುಳಿತು ಗಳಗಳ ಅತ್ತುಬಿಟ್ಟೆ. ಅವಳಮ್ಮ ಸಮಾಧಾನ ಮಾಡುತ್ತ ವ್ಯತ್ಯಾಸ ಹೇಳಿಕೊಟ್ಟಳು. ಅಪ್ಪನ ಶಬ್ದದಲ್ಲಿ ಮೊದಲಿನದು ಧಡಕ್ಕನೆ ಬೀಳಬೇಕು, ಎರಡನೆಯದು ಚಿಕ್ಕದು, ಅರ್ಧ ನುಂಗಿದ ಹಾಗೆ. ಅಂದಿನಿಂದ ನಾನು ನನ್ನದನ್ನು ಬದಲಾಯಿಸಿದೆ. ಎರಡನ್ನೂ ಉದ್ದಕ್ಕೆ ಎಳೆದು, ನಾಲ್ಕು ಬೆರಳನ್ನು ಒಟ್ಟಿಗೆ ಮಡಿಸಿ ಸನ್ನೆ ಮಾಡುತ್ತ "ಬಾ... ಬಾ..." ಎನ್ನತೊಡಗಿದೆ. ಸ್ವಲ್ಪ ದಿನದಲ್ಲೇ ಪುಟ್ಟಿ ಬಾಗಿಲು ನೋಡುವುದನ್ನು ಬಿಟ್ಟು ನನ್ನ ಹತ್ತಿರ ಓಡಿಬರಲು ಶುರುಮಾಡಿದಳು.

ಸೋತ ಕೋಪಕ್ಕೆ ನಾನೂ ಒಂದು ಪರೀಕ್ಷೆ ಮಾಡಿದೆ. ದಿನಾ ಅವಳಿಗೆ ಬೇಯಿಸಿದ ಹೆಸರುಕಾಳು ತಿನ್ನಿಸುತ್ತಿದ್ದೆನಲ್ಲ, ಬಟ್ಟಲು ಪಕ್ಕದಲ್ಲಿಟ್ಟು ಅವಳಮ್ಮನ ಎದುರಿಗೇ ಕೇಳಿದೆ. "ಪುಟ್ಟಿ, ಕಾಲು ಎಲ್ಲಿ?" ಪುಟ್ಟಿ ತನ್ನ ಮೊಣಕಾಲು ತಟ್ಟಿಕೊಂಡಳು. "ಕಾಳು ಎಲ್ಲಿ?" ಬಟ್ಟಲಿಗೆ ಕೈ ಹಾಕಿದಳು. ಮತ್ತೆ ಕೇಳಿದೆ, ತಿರುಗಿಸಿ ಕೇಳಿದೆ, ತಪ್ಪಲಿಲ್ಲ. ಶುಕ್ರವಾರದ ನನ್ನ ದೊಡ್ಡ ದೊಡ್ಡ ಶಿಷ್ಯರಿಗೆ ಆಗದ್ದು! ಅವಳಮ್ಮ ಕಣ್ಣರಳಿಸಿ, "ಎರಡು ಸಲವೂ ಒಂದೇ ಹೇಳಿದ್ರಲ್ಲ ಆಂಟಿ! ಸೇಮ್ ಸೇಮ್!" ಎಂದಳು. "ಸೇಮ್ ಅಲ್ಲ ಮಾರಾಯ್ತಿ" ಎಂದೆ. ಮತ್ತೆ ಹೇಳಿದೆ. ಅವಳಿಗೆ ಕೇಳಲಿಲ್ಲ. ನನಗೆ ಕೇಳದ್ದು ಅವಳಿಗೆ ಕೇಳುತ್ತದೆ, ಅವಳಿಗೆ ಕೇಳದ್ದು ನನಗೆ. ನಡುವೆ ಕುಳಿತು ಕಾಳು ಮುಕ್ಕುತ್ತಿದ್ದ ಕೂಸಿಗೆ ಎಲ್ಲವೂ ಕೇಳುತ್ತದೆ. ನನ್ನ ಶಿಷ್ಯರಿಗೂ ತೊಟ್ಟಿಲಲ್ಲಿ ಇಂಥದ್ದೇ ಕಿವಿ ಇದ್ದಿರಬೇಕು. ಆಗ ಹತ್ತಿರ ಕೂತು ಳಕಾರ ಆಡಿದವರು ಯಾರೂ ಇರಲಿಲ್ಲ ಅಷ್ಟೇ. ಆಮೇಲಿನ ಶುಕ್ರವಾರ ನಾನು ಟೇಬಲ್ ಕುಟ್ಟಲಿಲ್ಲ. ಮಕ್ಕಳು ಟೀಚರಿಗೆ ಹುಷಾರಿಲ್ಲ ಎಂದುಕೊಂಡವು.

ಅವಳಮ್ಮ ಥಾಂಗ್ ಪರೀಕ್ಷೆಯ ವಿಡಿಯೋ ಮಾಡಿ ಊರಿಗೂ ದುಕ್ಮ್‌ಗೂ ಕಳಿಸಿದಳು. ಅಜ್ಜಿ ಜಗ್ಗಲಿಲ್ಲ. "ಇಷ್ಟು ದೊಡ್ಡದಾದರೂ ಬಾಯಿ ಬಿಟ್ಟು ಅಪ್ಪ ಅಂದಿಲ್ಲ" ಎಂದಳಂತೆ. ಅಪ್ಪನೂ ಏನೂ ಹೇಳಲಿಲ್ಲ. ರಜೆ ಸಿಕ್ಕಿತು, ಇಬ್ಬರಿಗೆ ಟಿಕೆಟ್ ಮಾಡಿದ್ದೇನೆ ಎಂದು ಮಾತ್ರ ತಿಳಿಸಿದ. ತನಗೆ ಮತ್ತು ಮಗುವಿಗೆ.

ಅವನು ಬಂದ ದಿನ ಪುಟ್ಟಿ ನಮ್ಮಲ್ಲೇ ಇದ್ದಳು. ಬೆಲ್ ಆಯಿತು. ಬಾಗಿಲು ತೆಗೆದರೆ ಗಂಡ ಹೆಂಡತಿ ಇಬ್ಬರೂ ನಿಂತಿದ್ದಾರೆ. ಅವನ ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಷೂವಿನ ತುಂಬ ಧೂಳು. ನಾನು ಒಂದು ಮಾತೂ ಆಡಬಾರದು ಎಂದು ತುಟಿ ಕಚ್ಚಿಕೊಂಡೆ. ನನ್ನ ಬಾಯಿಂದ ಇನ್ನೇನು ಅನಾಹುತ ಆಗುತ್ತದೋ ಎಂಬ ಭಯ. ಪುಟ್ಟಿ ನನ್ನ ನೈಟಿ ಹಿಡಿದುಕೊಂಡು ಹಿಂದೆ ನಿಂತು ಇಣುಕಿದಳು. ಅವನು ಮಂಡಿಯೂರಿ ಕುಳಿತ. ಕೈ ಚಾಚಿ ಏನೋ ಹೇಳಿದ. ಅವಳು ಅಲ್ಲಾಡಲಿಲ್ಲ. ಅವನು ಮತ್ತೆ ಕರೆಯಲಿಲ್ಲ, ಚಾಚಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಪಾಪ ಎನ್ನಿಸಿತು ನನಗೆ, ಅವನ ಮೇಲೆ ಅಷ್ಟು ದಿನ ಹಲ್ಲು ಕಡಿದಿದ್ದ ನನಗೇ.

ಆಗ ಪುಟ್ಟಿ ನನ್ನ ನೈಟಿ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಕೈ ಎತ್ತಿದಳು.

"ಬಾ ಬಾ" ಎಂದಳು.

ಆ ಗಂಡಸು ಕಾರಿಡಾರಿನ ನೆಲದ ಮೇಲೆ ಹಾಗೇ ಕುಳಿತುಬಿಟ್ಟ. ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಅತ್ತ. ಪುಟ್ಟಿ ಹೋಗಿ ಅವನ ಮೊಣಕಾಲು ಮುಟ್ಟಿದಳು. ಅವನು ಎತ್ತಿಕೊಂಡ, ಎತ್ತಿಕೊಂಡೇ ತಮ್ಮ ಮನೆಯೊಳಗೆ ಹೋದ. ಒಳಗಿನಿಂದ ಊರಿಗೆ ಫೋನು ಮಾಡಿ ಗಟ್ಟಿಯಾಗಿ ಹೇಳುತ್ತಿದ್ದುದು ನನಗೂ ಕೇಳಿಸಿತು. ಆ ಮಾತುಗಳ ನಡುವೆ ಬಾಬಾ ಎಂಬುದೊಂದು ತಿಳಿಯಿತು. ಎರಡು ದಿನ ಬಿಟ್ಟು ಮಗುವಿನ ಟಿಕೆಟ್ ರದ್ದಾಯಿತು. ಅವನೊಬ್ಬನೇ ಊರಿಗೆ ಹೋಗಿಬಂದ.

ಟಿಕೆಟ್ ರದ್ದಾದ ಸಂಜೆ ಅವಳಮ್ಮ ಸೂಪಿನ ಫ್ಲಾಸ್ಕ್ ತೆಗೆದುಕೊಂಡು ಹೋಗಲು ಬಂದಿದ್ದಳು. ನಾನು ಖುಷಿ ತಡೆಯಲಾರದೆ ಅವಳ ಕೈ ಹಿಡಿದು, "ನೋಡಿದ್ಯಾ? ಸರಿಯಾದ ಹೊತ್ತಿಗೆ ಅಪ್ಪ ಅಂದಳು ನನ್ನ ಪುಟ್ಟಿ!" ಎಂದೆ.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಎರಡೂ ಉದ್ದ ಇತ್ತು ಆಂಟಿ. ಅಪ್ಪ ಅಲ್ಲ, ಅದು ನಿಮ್ಮ ಬಾ."

ಆ ಎತ್ತಿದ ಕೈ ಆಗ ನೆನಪಾಯಿತು, ನಾಲ್ಕು ಬೆರಳು ಒಟ್ಟಿಗೆ ಮಡಿಸಿದ್ದ ಕೈ. ಆ ವ್ಯತ್ಯಾಸ ಅವನಿಗೂ ಕೇಳಿಸಿರಲೇಬೇಕಲ್ಲ, ಅವನ ಭಾಷೆಯೇ ಅಲ್ಲವೇ ಎಂದು ಕೇಳಿದೆ.

"ಗೊತ್ತಿಲ್ಲ" ಎಂದಳು ಅವಳು. "ನಾನು ಅವನನ್ನ ಕೇಳಿಲ್ಲ. ನೀವೂ ಹೇಳ್ಬೇಡಿ. ಖಲಾಸ್."